ಟಿವಿಗೆ ಜೋಡಿಸಿದ ಕಂಪ್ಯೂಟರಿಗೆ ಯಾವ ಪ್ಲೇಯರ್? ಮೈಸೂರಿನ ನಮ್ಮ ಮನೆಯಲ್ಲಿ ಮಾಡಿ ನೋಡಿದ್ದು

ಹಾಲ್‌ನಲ್ಲಿರುವ 43 ಇಂಚಿನ ಫುಲ್ ಎಚ್‌ಡಿ ಟಿವಿಗೆ ಒಂದು ಕಂಪ್ಯೂಟರ್ ಜೋಡಿಸಬೇಕು. ಮನೆಯಲ್ಲಿರುವ ಎಲ್ಲ ವಿಡಿಯೋಗಳನ್ನೂ ಸೋಫಾದಲ್ಲಿ ಕೂತು ರಿಮೋಟ್‌ನಿಂದಲೇ ನೋಡುವ ಹಾಗಾಗಬೇಕು. ಇಷ್ಟೇ ಕೆಲಸ. ಕಂಪ್ಯೂಟರ್ ಜೋಡಿಸುವುದು ಬೇಗ ಮುಗಿಯಿತು. ತಲೆ ತಿಂದಿದ್ದು ಸಾಫ್ಟ್‌ವೇರ್ ಆಯ್ಕೆ. ಯಾವ ಪ್ಲೇಯರ್ ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿರುವ ಫೈಲ್‌ಗಳು ಎಂಥವು? ರಿಮೋಟ್ ಹಿಡಿಯುವವರು ಯಾರು?

ನಮ್ಮ ಮನೆಯಲ್ಲಿ ರಿಮೋಟ್ ಹಿಡಿಯುವುದು ಅಮ್ಮ. ಫೈಲ್‌ಗಳ ವಿಷಯಕ್ಕೆ ಬಂದರೆ ಎಲ್ಲ ಕಾಲದ್ದೂ ಇವೆ. ಒಂದು ಪೆಟ್ಟಿಗೆ ತುಂಬ ಹಳೆಯ ಕನ್ನಡ ಸಿನಿಮಾ ವಿಸಿಡಿಗಳು. ಅಕ್ಕನ ಮದುವೆ, ಚಿಕ್ಕಪ್ಪನ ಮನೆ ಗೃಹಪ್ರವೇಶ, ತಮ್ಮನ ಉಪನಯನದ ಡಿವಿಡಿಗಳು. ಮಗಳ ವೀಣೆ ಕಛೇರಿಯನ್ನು ವಿಡಿಯೋದವರು ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದುಕೊಟ್ಟ 1080ಐ ಫೈಲ್‌ಗಳು (ಅರ್ಧರ್ಧ ಗೆರೆಗಳಾಗಿ ಚಿತ್ರ ಹಿಡಿಯುವ ಎಚ್‌ಡಿ ಪದ್ಧತಿ). ದಸರಾ ಜಂಬೂಸವಾರಿಯನ್ನು ಫೋನಿನಲ್ಲಿ ತೆಗೆದ 4ಕೆ ಎಚ್‌ಇವಿಸಿ (ವಿಡಿಯೋವನ್ನು ಕಡಿಮೆ ಜಾಗದಲ್ಲಿ ಅಡಕಿಸುವ ಒಂದು ವಿಧಾನ) ವಿಡಿಯೋಗಳು. ಜೊತೆಗೆ ಕೆಲವು ಬ್ಲೂ-ರೇ ಡಿಸ್ಕ್‌ಗಳು. ಇವೆಲ್ಲ ಒಂದೇ ಪ್ಲೇಯರ್‌ನಲ್ಲಿ ಸರಿಯಾಗಿ ಓಡಬೇಕು.

ಮೊದಲು ಕಂಪ್ಯೂಟರ್

ಬೆಂಗಳೂರಿನ ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಪುಟ್ಟ ಕಂಪ್ಯೂಟರ್‌ಗಳು ಮೈಸೂರಿನ ಅಂಗಡಿಗಳಲ್ಲೂ ಸಿಗುತ್ತವೆ. ದೇವರಾಜ ಅರಸು ರಸ್ತೆಯ ಕಡೆ ವಿಚಾರಿಸಿ ಇಂಟೆಲ್ ಐ5-7500, 8 ಜಿಬಿ ರ‍್ಯಾಮ್ ಇರುವುದನ್ನು ತಂದೆ. 7ನೇ ತಲೆಮಾರಿನದೇ ಬೇಕು ಅಂತ ಹುಡುಕಿದ್ದಕ್ಕೆ ಕಾರಣವಿದೆ. 4ನೇ ತಲೆಮಾರಿನ ಇಂಟೆಲ್ ಚಿಪ್‌ಗಳಿಗೆ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲಿ, ಅಂದರೆ ಚಿಪ್ಪಿನೊಳಗೆ ಅದಕ್ಕೆಂದೇ ಇರುವ ಭಾಗದಲ್ಲಿ, ಬಿಡಿಸುವ ಶಕ್ತಿ ಇಲ್ಲ. 6ನೆಯದು 8 ಬಿಟ್ ಎಚ್‌ಇವಿಸಿಯನ್ನು ಸರಾಗವಾಗಿ ಓಡಿಸುತ್ತದೆ. ಇನ್ನೂ ಹೆಚ್ಚು ಬಣ್ಣದ ಛಾಯೆ ಹಿಡಿಯುವ 10 ಬಿಟ್ ಎಚ್‌ಇವಿಸಿ ಬೇಕೆಂದರೆ 7ನೆಯದಕ್ಕೇ ಬರಬೇಕು. ಎವಿ1 ಅನ್ನುವ ಇನ್ನೂ ಹೊಸ ವಿಧಾನ ಬೇಕಾದವರು 11ನೇ ತಲೆಮಾರಿನವರೆಗೆ ಹೋಗಬೇಕು. ನನ್ನ ಹತ್ತಿರ ಎವಿ1 ಫೈಲೇ ಇಲ್ಲ, ಹಾಗಾಗಿ ಅದಕ್ಕೆ ದುಡ್ಡು ಹಾಕಲಿಲ್ಲ. ಅಂಗಡಿಗೆ ಹೋಗುವವರು ಪ್ರೊಸೆಸರ್ ಹೆಸರಿನ ಅಡ್ಡಗೆರೆ ಆದ ಮೇಲಿನ ಮೊದಲ ಅಂಕಿ (10ನೇ ತಲೆಮಾರಿನಿಂದ ಮೇಲಾದರೆ ಮೊದಲ ಎರಡು ಅಂಕಿ) ನೋಡಿ. 7500 ಅಂದರೆ 7ನೆಯದು, 4590 ಅಂದರೆ 4ನೆಯದು. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇರಬಹುದು, ಆದರೆ ಟಿವಿ ಮುಂದೆ ಕೂತಾಗ ಅದು ದೊಡ್ಡ ವ್ಯತ್ಯಾಸ.

ಒಳಗಿನ ಧೂಳು ಊದಿ ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಾಕಿದೆ. ಫ್ಯಾನ್ ಸದ್ದು ತುಂಬಾ ಕಡಿಮೆಯಾಯಿತು. ಸಿಸ್ಟಂಗೆ ಒಂದು ಚಿಕ್ಕ ಎಸ್‌ಎಸ್‌ಡಿ, ವಿಡಿಯೋಗಳಿಗೆ ದೊಡ್ಡ ಹಾರ್ಡ್‌ಡಿಸ್ಕ್. ಕರೆಂಟ್ ಹೋದರೆ ಡಿಸ್ಕ್‌ಗೆ ಏಟು ಬೀಳಬಾರದು ಅಂತ ಒಂದು ಯುಪಿಎಸ್.

ವಿಂಡೋಸ್ ಬೇಡ ಅಂತ ಶುರುವಿನಲ್ಲೇ ತೀರ್ಮಾನಿಸಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ 8ನೇ ತಲೆಮಾರಿನಿಂದ ಮೇಲಿನ ಇಂಟೆಲ್ ಚಿಪ್‌ಗಳಿಗೆ. ಹಾಗಾಗಿ ಎಂಪಿಸಿ-ಎಚ್‌ಸಿ, ಆ ಪ್ಲೇಯರ್‌ಗೆ ಜೋಡಿಸಿ ಚಿತ್ರ ಚೆಂದಗೊಳಿಸುವ ಮ್ಯಾಡ್‌ವಿಆರ್, ಈ ವಿಂಡೋಸ್ ಜೋಡಿಯನ್ನು ಪಕ್ಕಕ್ಕಿಟ್ಟೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ವಿಂಡೋಸ್ ಮೆಷಿನ್ ಇದ್ದರೆ ಚಿತ್ರದ ಗುಣಮಟ್ಟದಲ್ಲಿ ಆ ಜೋಡಿ ಬಹಳ ಚೆನ್ನಾಗಿದೆ. ಆದರೆ ಅದು ನನ್ನ ಪೆಟ್ಟಿಗೆಗೆ ಹೊಂದುವ ಮಾತಲ್ಲ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡು ವಿಎಲ್‌ಸಿ, ಎಂಪಿವಿ, ಕೋಡಿ ಮೂರನ್ನೂ ಒಂದೇ ಫೈಲ್‌ಗಳ ಮೇಲೆ ಓಡಿಸಿ ನೋಡಿದೆ.

ಮೂರು ಪ್ಲೇಯರ್

ವಿಎಲ್‌ಸಿ ಗೊತ್ತಿಲ್ಲದವರು ಯಾರಿದ್ದಾರೆ? 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ನೆಟ್‌ವರ್ಕ್‌ನಲ್ಲಿ ವಿಡಿಯೋ ಹರಿಸಲು ಶುರು ಮಾಡಿದ್ದು ಅದು. ನೆಟ್‌ವರ್ಕ್‌ನಲ್ಲಿ ಬರುವ ವಿಡಿಯೋದಲ್ಲಿ ಮಧ್ಯೆ ಮಧ್ಯೆ ತುಂಡು ಬಿಟ್ಟುಹೋಗುವುದು ಮಾಮೂಲಿ. ಹಾಳಾದ ಫೈಲ್ ಕೊಟ್ಟರೂ ವಿಎಲ್‌ಸಿ ಸಾಧ್ಯವಾದಷ್ಟು ಓಡಿಸುವ ಗುಣ ಅಲ್ಲಿಂದ ಬಂದದ್ದು. ಗೀರು ಬಿದ್ದ ವಿಸಿಡಿಗಳಿಂದ ತೆಗೆದ ಡ್ಯಾಟ್ ಫೈಲ್‌ಗಳ ಮೇಲೆ ಇದು ಚೆನ್ನಾಗಿ ಗೊತ್ತಾಯಿತು. ಒಂದು ಕಡೆ ಚಿತ್ರ ಚೌಕ ಚೌಕವಾಗಿ ಒಡೆಯಿತು, ಸದ್ದು ಕಟ್ ಆಯಿತು, ಆದರೂ ನಿಲ್ಲದೆ ಮುಂದೆ ಹೋಯಿತು.

ಆದರೆ ವಿಎಲ್‌ಸಿ ಮೌಸ್ ಹಿಡಿದು ಹತ್ತಿರ ಕೂತವರಿಗಾಗಿ ಮಾಡಿದ ಪ್ಲೇಯರ್. ಸೋಫಾದಿಂದ ಅದರ ಮೆನು ಓದಲಾಗುವುದಿಲ್ಲ. ಪೋಸ್ಟರ್ ನೋಡಿ ಸಿನಿಮಾ ಆರಿಸುವ ಅನುಕೂಲವಿಲ್ಲ. ಫೈಲ್‌ಗೆ ತಕ್ಕ ಹಾಗೆ ಟಿವಿಯ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು, ಹರ್ಟ್ಸ್ ಲೆಕ್ಕದಲ್ಲಿ) ಬದಲಿಸುವುದೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಇರಲಿ, ಹಾಲ್‌ಗೆ ಬೇಡ.

ಎಂಪಿವಿ ನನಗೆ ತುಂಬಾ ಹಿಡಿಸಿತು. ಹಳೆಯ ಎಂಪ್ಲೇಯರ್‌ನಿಂದ ಕವಲೊಡೆದು ಬಂದದ್ದು. ಮೆನು ಅಂತ ಹೇಳಿಕೊಳ್ಳುವಂಥದ್ದೇನಿಲ್ಲ, ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬೇಕಾದ್ದನ್ನು ಬರೆದಿಟ್ಟರೆ ಮುಗಿಯಿತು. ಓಡುತ್ತಿರುವಾಗ ಕೀಬೋರ್ಡಿನ ಐ ಕೀ ಒತ್ತಿದರೆ ಪರದೆ ಮೇಲೆ ಎಲ್ಲ ವಿವರ ಬರುತ್ತದೆ: ಯಾವ ಕೋಡೆಕ್ (ವಿಡಿಯೋ ಅಡಕಿಸಿದ ವಿಧಾನ), ಸೆಕೆಂಡಿಗೆ ಎಷ್ಟು ಫ್ರೇಮ್, ಹಾರ್ಡ್‌ವೇರ್ ಡಿಕೋಡಿಂಗ್ ನಡೆಯುತ್ತಿದೆಯೋ ಇಲ್ಲವೋ, ಎಷ್ಟು ಫ್ರೇಮ್ ಬಿಟ್ಟುಹೋದವು. ಫೋನಿನ 4ಕೆ ವಿಡಿಯೋ ತಡೆದು ತಡೆದು ಓಡುತ್ತಿತ್ತು. ಐ ಒತ್ತಿ ನೋಡಿದರೆ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿಯೇ ಇಲ್ಲ, ಪೂರ್ತಿ ಭಾರ ಸಿಪಿಯು ಮೇಲೆ. ಸೆಟ್ಟಿಂಗ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಆನೆ ನಡಿಗೆ ನೀರಿನ ಹಾಗೆ ಸಾಗಿತು. ಫೈಲ್ ತಪ್ಪೋ, ಪ್ಲೇಯರ್ ತಪ್ಪೋ ಅಂತ ತಿಳಿಯಬೇಕಾದರೆ ಎಂಪಿವಿಯಷ್ಟು ನೇರವಾಗಿ ಹೇಳುವುದು ಇನ್ನೊಂದಿಲ್ಲ. ಆದರೆ ಅಮ್ಮನ ಕೈಗೆ ಮೆನು ಇಲ್ಲದ ಪ್ಲೇಯರ್ ಕೊಡೋಕಾಗಲ್ಲ.

ಉಳಿದದ್ದು ಕೋಡಿ. 2002ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಯಲ್ಲಿ ವಿಡಿಯೋ ನೋಡಲೆಂದು ಆಸಕ್ತರೇ ಸೇರಿ ಕಟ್ಟಿದ್ದು, ಆಮೇಲೆ ಎಕ್ಸ್‌ಬಿಎಂಸಿ ಆಯಿತು, 2014ರಲ್ಲಿ ಕೋಡಿ ಅಂತ ಹೆಸರು ಬದಲಾಯಿತು. ಅಂದರೆ ಹುಟ್ಟಿದಾಗಿನಿಂದಲೂ ಅದು ಇರುವುದು ಟಿವಿಯ ಮೇಲೆ, ದೂರದಲ್ಲಿ ಕೂತವರ ಕೈಯಲ್ಲಿ. ಮೇಲೆ, ಕೆಳಗೆ, ಎಡ, ಬಲ, ಓಕೆ, ಬ್ಯಾಕ್. ಈ ಆರು ಬಟನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸವೂ ಆಗುತ್ತದೆ. ಅಕ್ಷರ ದೊಡ್ಡದು, ಪೋಸ್ಟರ್ ದೊಡ್ಡದು. ಅಮ್ಮ ಒಂದು ಸಂಜೆ ಸುಮ್ನೆ ಒತ್ತುತ್ತಾ ಒತ್ತುತ್ತಾ ತಾನೇ ಅಕ್ಕನ ಮದುವೆ ಹುಡುಕಿಕೊಂಡರು. ನನ್ನ ಮಟ್ಟಿಗೆ ಅಲ್ಲಿಗೆ ಆಯ್ಕೆ ಮುಗಿಯಿತು.

ಪ್ಲೆಕ್ಸ್, ಜೆಲ್ಲಿಫಿನ್ ಯಾಕೆ ಬೇಡ ಅಂತ ಕೇಳಬಹುದು. ಅವು ಸರ್ವರ್ ಇಟ್ಟು, ಮನೆಯ ಎಲ್ಲ ಟಿವಿ, ಫೋನ್‌ಗಳಿಗೂ ವಿಡಿಯೋ ಬಡಿಸುವ ವ್ಯವಸ್ಥೆ. ನಮಗಿರುವುದು ಒಂದು ಟಿವಿ, ಡಿಸ್ಕ್ ಅದರ ಪಕ್ಕದಲ್ಲೇ ಇದೆ. ಮುಂದೆ ಮಹಡಿಯಲ್ಲೂ ಟಿವಿ ಬಂದರೆ ಜೆಲ್ಲಿಫಿನ್ ಹಾಕುತ್ತೇನೆ. ಅದು 2018ರ ಕೊನೆಯಲ್ಲಿ ಎಂಬಿ (Emby) ಅನ್ನುವ ಅಂಥದ್ದೇ ಸರ್ವರ್‌ನಿಂದ ಬೇರೆಯಾದ ಪೂರ್ತಿ ಮುಕ್ತ ತಂತ್ರಾಂಶ, ಹೊರಗಿನ ಯಾವ ಖಾತೆಯೂ ಬೇಕಿಲ್ಲ.

ಕೋಡಿ ಅಂತ ತೀರ್ಮಾನವಾದ ಮೇಲೆ ಮಿಂಟ್ ತೆಗೆದು ಲಿಬ್ರೆಎಲೆಕ್ ಹಾಕಿದೆ. ಕೋಡಿ ಓಡಿಸಲು ಎಷ್ಟು ಬೇಕೋ ಅಷ್ಟೇ ಇರುವ ಲಿನಕ್ಸ್ ಅದು. ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳಬಹುದು. ಬಟನ್ ಒತ್ತಿದರೆ ನೇರ ಕೋಡಿಯೇ ಬರುತ್ತದೆ. ಮಧ್ಯೆ ಡೆಸ್ಕ್‌ಟಾಪ್ ಇಲ್ಲ, ಅಪ್‌ಡೇಟ್ ಮಾಡಿ ಅನ್ನುವ ಪೆಟ್ಟಿಗೆಗಳಿಲ್ಲ.

ಅಕ್ಷತೆ ಕಾಳು ಮತ್ತು 50 ಹರ್ಟ್ಸ್

ಇಷ್ಟಾದರೂ ಪ್ಲೇಯರ್ ಹಾಕಿದಾಕ್ಷಣ ಎಲ್ಲ ಸರಿ ಬರುವುದಿಲ್ಲ. ನಾನು ಜಾಸ್ತಿ ಹೊತ್ತು ಕೂತದ್ದು ಮದುವೆ ಡಿವಿಡಿಗಳ ಮೇಲೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥವೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ಕಾಲದ ಮದುವೆ ಡಿವಿಡಿ 720x576 ಅಳತೆಯದು, ಪಾಲ್ ಪದ್ಧತಿಯದು (ನಮ್ಮ ದೇಶದ ಹಳೆಯ ಟಿವಿ ಪದ್ಧತಿ), ಇಂಟರ್‌ಲೇಸ್ ಆದದ್ದು. ಅಂದರೆ ಕ್ಯಾಮೆರಾ ಸೆಕೆಂಡಿಗೆ 50 ಸಲ ಚಿತ್ರ ಹಿಡಿದಿದೆ, ಆದರೆ ಪ್ರತಿ ಸಲವೂ ಅರ್ಧ ಗೆರೆಗಳನ್ನು ಮಾತ್ರ. ಒಮ್ಮೆ ಬೆಸ ಗೆರೆ, ಇನ್ನೊಮ್ಮೆ ಸರಿ ಗೆರೆ. ಎರಡು ಅರ್ಧಗಳನ್ನು ಸೇರಿಸಿ 25 ಫ್ರೇಮ್ ಮಾಡಿ ಡಿಸ್ಕ್‌ನಲ್ಲಿ ಇಟ್ಟಿರುತ್ತಾರೆ. ಹಳೆಯ ಡಬ್ಬಾ ಟಿವಿ ಗೆರೆಗಳನ್ನು ಅದೇ ಸರದಿಯಲ್ಲಿ ಬರೆಯುತ್ತಿತ್ತು, ಹಾಗಾಗಿ ಏನೂ ತೊಂದರೆ ಕಾಣುತ್ತಿರಲಿಲ್ಲ. ಈಗಿನ ಎಲ್ಇಡಿ ಟಿವಿ ಪೂರ್ತಿ ಫ್ರೇಮ್ ಒಟ್ಟಿಗೆ ತೋರಿಸುತ್ತದೆ. ಆಗ ಎರಡು ಬೇರೆ ಬೇರೆ ಕ್ಷಣಗಳ ಗೆರೆಗಳು ಒಂದೇ ಚಿತ್ರದಲ್ಲಿ ಬಂದು, ಅಲುಗಾಡುವ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತದೆ.

ಇದನ್ನು ಬಿಡಿಸುವುದಕ್ಕೆ ಡಿಇಂಟರ್‌ಲೇಸ್ ಅನ್ನುತ್ತಾರೆ. ಪರೀಕ್ಷೆಗೆ ಅಕ್ಕನ ಧಾರೆಯ ಹೊತ್ತನ್ನು ಆರಿಸಿಕೊಂಡೆ. ಸುತ್ತ ನಿಂತವರೆಲ್ಲ ಒಟ್ಟಿಗೆ ಅಕ್ಷತೆ ಹಾಕುತ್ತಾರೆ. ಡಿಇಂಟರ್‌ಲೇಸ್ ಆಫ್ ಇದ್ದಾಗ ಪ್ರತಿ ಕೈಯಲ್ಲೂ ಹಲ್ಲು ಹಲ್ಲು. ಎರಡು ಅರ್ಧಗಳನ್ನು ಬೆರೆಸಿ 25 ಫ್ರೇಮ್ ಕೊಡುವ ವಿಧಾನ ಹಾಕಿದರೆ ಹಲ್ಲು ಹೋಯಿತು, ಆದರೆ ಅಕ್ಕಿಕಾಳುಗಳೂ ಮಾಯವಾಗಿ ಮಬ್ಬು ಮಬ್ಬು ಬಿಳಿ ಗೆರೆಗಳಾದವು. ಆಮೇಲೆ ಕೋಡಿಯಲ್ಲಿ ವಿಡಿಯೋ ಓಡುವಾಗಲೇ ತೆರೆಯುವ ವಿಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ, ಡಿಇಂಟರ್‌ಲೇಸ್ ವಿಧಾನದಲ್ಲಿ ವಿಎಎಪಿಐ ಮೋಷನ್ ಕಾಂಪೆನ್ಸೇಟೆಡ್ ಆರಿಸಿದೆ. ಅದು ಪ್ರತಿ ಅರ್ಧದಿಂದಲೂ ಒಂದು ಪೂರ್ತಿ ಫ್ರೇಮ್ ಕಟ್ಟಿ ಸೆಕೆಂಡಿಗೆ 50 ಕೊಡುತ್ತದೆ. ಕೆಲಸ ಇಂಟೆಲ್ ಗ್ರಾಫಿಕ್ಸ್‌ನದು, ಸಿಪಿಯುಗೆ ಭಾರವಿಲ್ಲ. ಈಗ ಕಾಳುಗಳು ಬಿಡಿ ಬಿಡಿಯಾಗಿ ಹಾರಿಬಂದು ಅಕ್ಕನ ತಲೆಯ ಮೇಲೆ ಬೀಳುವುದು ಕಾಣುತ್ತದೆ. ಅದೇ ಪಟ್ಟಿಯ ಕೊನೆಯಲ್ಲಿ ಎಲ್ಲ ವಿಡಿಯೋಗಳಿಗೂ ಇದನ್ನೇ ಇಡು ಅನ್ನುವ ಆಯ್ಕೆ ಇದೆ, ಒತ್ತಿಬಿಡಿ.

ಆದರೆ ಸೆಕೆಂಡಿಗೆ 50 ಫ್ರೇಮ್ ಬಂದರೆ ಟಿವಿಯೂ 50 ಹರ್ಟ್ಸ್‌ನಲ್ಲಿ ಇರಬೇಕು. ಕಂಪ್ಯೂಟರ್ ಸುಮ್ನೆ ಬಿಟ್ಟರೆ 60 ಹರ್ಟ್ಸ್‌ನಲ್ಲೇ ಕೂತಿರುತ್ತದೆ. 50 ಫ್ರೇಮನ್ನು 60ಕ್ಕೆ ಹಂಚಿದಾಗ ಕೆಲವು ಫ್ರೇಮ್ ಎರಡೆರಡು ಸಲ ಬರುತ್ತವೆ, ಕ್ಯಾಮೆರಾ ಛತ್ರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವಾಗ ಕುಕ್ಕಿದ ಹಾಗಾಗುತ್ತದೆ. ಬ್ಲೂ-ರೇ ಸಿನಿಮಾಗಳದ್ದೂ ಇದೇ ಕಥೆ. ಅವು ಸೆಕೆಂಡಿಗೆ 24 ಫ್ರೇಮಿನವು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ, ಹೀಗೆ ಕುಂಟುತ್ತಾ ಹೋಗುತ್ತದೆ.

ಕೋಡಿಯಲ್ಲಿ ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್ ಒಳಗೆ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಅಂತ ಇದೆ. ಅದನ್ನು ಆನ್ ಸ್ಟಾರ್ಟ್/ಸ್ಟಾಪ್‌ಗೆ ಇಟ್ಟೆ. ವಿಡಿಯೋ ಶುರುವಾದಾಗ ಟಿವಿ ಒಂದು ಕ್ಷಣ ಕಪ್ಪಾಗಿ ಸರಿಯಾದ ರೇಟ್‌ಗೆ ಬರುತ್ತದೆ, ಮುಗಿದಾಗ ವಾಪಸ್ ಹೋಗುತ್ತದೆ. ಜೊತೆಗೆ ಸಿಸ್ಟಂ, ಡಿಸ್‌ಪ್ಲೇ ಒಳಗಿನ ವೈಟ್‌ಲಿಸ್ಟ್‌ನಲ್ಲಿ (ಕೋಡಿ ಬಳಸಬಹುದಾದ ರೇಟ್‌ಗಳ ಪಟ್ಟಿ) 1080ಪಿ ಸಾಲಿನ 23.976, 24, 50, 59.94, 60 ಇವಿಷ್ಟನ್ನೇ ಗುರುತು ಹಾಕಿ, ಡಬಲ್ ರಿಫ್ರೆಶ್ ರೇಟ್‌ಗೆ (ಅಂದರೆ 25ರ ಫೈಲ್‌ಗೆ 50 ಹರ್ಟ್ಸ್) ಒಪ್ಪಿಗೆ ಕೊಟ್ಟೆ. 25ಕ್ಕೆ ಬೇಕೆಂದೇ ಗುರುತು ಹಾಕಲಿಲ್ಲ. ಹಾಕಿದರೆ ಮದುವೆ ಡಿವಿಡಿಗೆ ಕೋಡಿ 25 ಹರ್ಟ್ಸನ್ನೇ ಹಿಡಿದುಬಿಡುತ್ತದೆ, ಆಗ 50 ಫ್ರೇಮಿನ ಪ್ರಯೋಜನವೇ ಇಲ್ಲ. ಈ ಆಯ್ಕೆಗಳು ಕಾಣಬೇಕಾದರೆ ಸೆಟ್ಟಿಂಗ್ಸ್ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ಏರಿಸಬೇಕು. 23.976 ಮತ್ತು 24 ಎರಡೂ ಯಾಕೆ ಅಂದರೆ, ಆ ಸಣ್ಣ ವ್ಯತ್ಯಾಸಕ್ಕೇ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಹೆಚ್ಚುಕಮ್ಮಿ ಆಗುತ್ತದೆ. ನಿಧಾನವಾಗಿ ಸಾಗುವ ದೃಶ್ಯದಲ್ಲಿ ಅದು ಕಣ್ಣಿಗೆ ಬೀಳುತ್ತದೆ.

ಮಗಳ ವೀಣೆ ಕಛೇರಿಯೂ 50ರ ಇಂಟರ್‌ಲೇಸ್ ಫೈಲೇ ಆದ್ದರಿಂದ ಇದೇ ಸೆಟ್ಟಿಂಗ್‌ನಲ್ಲಿ ಸರಿಹೋಯಿತು. ಮೀಟುವ ಬೆರಳು ಈಗ ಸ್ಪಷ್ಟ.

ಇನ್ನೊಂದು ಮಾತು. ಡಿವಿಡಿಯನ್ನು ಹಾಗೇ ಕಾಪಿ ಮಾಡಿದರೆ ಮದುವೆ 1 ಜಿಬಿಯ ತುಂಡು ತುಂಡು ವಾಬ್ ಫೈಲ್‌ಗಳಾಗಿ ಬರುತ್ತದೆ. ಡಿವಿಡಿ ನಿಯಮವೇ ಹಾಗೆ. ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆಗೆದರೆ ಎಲ್ಲ ಸೇರಿ ಒಂದೇ ಎಂಕೆವಿ ಫೈಲ್ ಆಗುತ್ತದೆ, ಚಿತ್ರ ಮತ್ತೆ ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟ ಇದ್ದ ಹಾಗೇ ಉಳಿಯುತ್ತದೆ. ಜಾಗ ಉಳಿಸಲು ಎಂಪಿ4 ಮಾಡಿಕೊಡುತ್ತೇವೆ ಅನ್ನುವವರಿಗೆ ಕೊಡಬೇಡಿ. ಅದರಲ್ಲಿ ಇಂಟರ್‌ಲೇಸ್ ಕೆಟ್ಟರೆ ಆಮೇಲೆ ಯಾವ ಪ್ಲೇಯರ್‌ಗೂ ಸರಿ ಮಾಡಲು ಬರುವುದಿಲ್ಲ.

ವಿಸಿಡಿ ವಿಷಯದಲ್ಲಿ ಪವಾಡ ನಿರೀಕ್ಷಿಸಬಾರದು. 352x288 ಚಿತ್ರವನ್ನು 43 ಇಂಚಿಗೆ ಹಿಗ್ಗಿಸಿದರೆ ಅದು ಇರುವುದೇ ಅಷ್ಟು. ಕೋಡಿಯಲ್ಲಿ ಚಿತ್ರ ಹಿಗ್ಗಿಸುವ ವಿಧಾನವಾಗಿ ಲ್ಯಾಂಕ್ಜೋಸ್ 3 ಹಾಕಿದರೆ ಅಂಚುಗಳು ಸ್ವಲ್ಪ ಒಪ್ಪವಾಗುತ್ತವೆ. ಚಿತ್ರವನ್ನು ಟಿವಿ ಅಗಲಕ್ಕೆ ಎಳೆಯದೆ, ಎರಡೂ ಪಕ್ಕ ಕಪ್ಪು ಪಟ್ಟಿ ಇದ್ದರೂ ಹಾಗೇ ಬಿಡಿ, ಮುಖಗಳು ಮುಖದ ಹಾಗೆ ಇರುತ್ತವೆ.

ಮಾತು ಕೇಳಿಸಬೇಕು

ಬ್ಲೂ-ರೇ ಹಾಕಿದ ಮೊದಲ ದಿನವೇ ಅಮ್ಮನ ದೂರು. "ಇದೇನ್ ಕಣೋ, ಸಂಗೀತ ಕಿವಿಗೆ ಬಡಿಯುತ್ತೆ, ಮಾತು ಮಾತ್ರ ಕೇಳಲ್ಲ."

"ತಾಳಮ್ಮ, ಸ್ಪೀಕರ್ ಎರಡೇ ಇರೋದು. ಸಿನಿಮಾದಲ್ಲಿ ಆರು ಸ್ಪೀಕರ್ ಲೆಕ್ಕದ ಸೌಂಡ್ ಇದೆ. ನೋಡ್ತೀನಿ."

ಈ ಆರು ಸ್ಪೀಕರ್ ಲೆಕ್ಕದ 5.1 ಸೌಂಡ್‌ನಲ್ಲಿ ಮಾತೆಲ್ಲ ಬಹುಪಾಲು ನಡುವಿನ ಸ್ಪೀಕರ್‌ಗೆ ಮೀಸಲು. ನಡುವಿನ ಸ್ಪೀಕರ್ ಇಲ್ಲದಿದ್ದರೆ ಪ್ಲೇಯರ್ ಅದನ್ನು ಎಡಕ್ಕೂ ಬಲಕ್ಕೂ ಹಂಚುತ್ತದೆ. ಅಲ್ಲಿ ಹಿನ್ನೆಲೆ ಸಂಗೀತ, ಗಲಾಟೆ ಎಲ್ಲ ಮೊದಲೇ ಇರುವುದರಿಂದ ಮಾತು ಅದರಡಿ ಮುಳುಗುತ್ತದೆ. ಕೋಡಿಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಸಂಖ್ಯೆ 2.0 ಇಟ್ಟು, ಪಾಸ್‌ಥ್ರೂ ಆಫ್ ಮಾಡಿದೆ. ಪಾಸ್‌ಥ್ರೂ ಇದ್ದರೆ ಸೌಂಡ್ ಬಿಡಿಸುವ ಕೆಲಸ ಕೋಡಿಯ ಕೈ ತಪ್ಪಿ ಟಿವಿಗೋ ಆಂಪ್ಲಿಫೈಯರ್‌ಗೋ ಹೋಗುತ್ತದೆ. ಆಮೇಲೆ ಸಿನಿಮಾ ಓಡುವಾಗ ತೆರೆಯುವ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ, ಡೌನ್‌ಮಿಕ್ಸ್ (ಆರರ ಸೌಂಡನ್ನು ಎರಡಕ್ಕೆ ಇಳಿಸುವುದು) ಮಾಡುವಾಗ ಸೆಂಟರ್ ಚಾನೆಲ್ ಏರಿಸುವ ಅಳತೆಗೋಲನ್ನು ಕೆಲವು ಡೆಸಿಬಲ್ ಮೇಲಕ್ಕೆ ತಂದೆ. ಮಾತು ಮುಂದೆ ಬಂತು. 5.1 ಸ್ಪೀಕರ್ ಸೆಟ್ ಇರುವವರು ಇದಕ್ಕೆ ಉಲ್ಟಾ ಮಾಡಬೇಕು, ಪಾಸ್‌ಥ್ರೂ ಆನ್ ಇಡಬೇಕು. ಆಪ್ಟಿಕಲ್ ವೈರ್‌ನಲ್ಲಿ 5.1 ಸೌಂಡ್ ಬಗೆಗಳ ಪೈಕಿ ಡಾಲ್ಬಿ ಡಿಜಿಟಲ್, ಮಾಮೂಲಿ ಡಿಟಿಎಸ್ ಮಾತ್ರ ಹೋಗುತ್ತವೆ. ಬ್ಲೂ-ರೇಯ ಮೇಲ್ಮಟ್ಟದ ಬಗೆಗಳಾದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಬೇಕಾದರೆ ಎಚ್‌ಡಿಎಂಐ ಆಗಲೇಬೇಕು.

ಕನ್ನಡ ಸಬ್‌ಟೈಟಲ್

ತಂಗಿ ಅಜ್ಜಿಯನ್ನು ಮಾತಾಡಿಸಿ ರೆಕಾರ್ಡ್ ಮಾಡಿದ ವಿಡಿಯೋ ಇದೆ. ಅಜ್ಜಿಯ ಮಾತು ಅಷ್ಟು ಸ್ಪಷ್ಟವಿಲ್ಲ ಅಂತ ಅವಳೇ ಸಬ್‌ಟೈಟಲ್ ಟೈಪ್ ಮಾಡಿದ್ದಾಳೆ. ತೆರೆದರೆ ಪರದೆ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವಳು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲಲ್ಲ. ಯೂನಿಕೋಡ್‌ಗೆ ಬದಲಿಸಿ ಯುಟಿಎಫ್-8 ಆಗಿ ಉಳಿಸಿದ ಮೇಲೆ ಕನ್ನಡ ಬಂತು.

ಒತ್ತಕ್ಷರ ಸರಿಯಾಗಿ ಬರುತ್ತದೆಯೇ ಅಂತ ನೋಡಲು ನನ್ನ ಪರೀಕ್ಷೆ ಪದಗಳು ರಾಷ್ಟ್ರ, ಸ್ತ್ರೀ, ಸೂರ್ಯ. ಎಂಪಿವಿ ಸಬ್‌ಟೈಟಲ್ ಬರೆಯಲು ಲಿಬ್‌ಆ್ಯಸ್ ಅನ್ನುವ ಭಾಗ ಬಳಸುತ್ತದೆ, ಅದು ಅಕ್ಷರ ಜೋಡಣೆಯನ್ನು ಹಾರ್ಫ್‌ಬಜ್ ಅನ್ನುವ ಇನ್ನೊಂದು ಭಾಗಕ್ಕೆ ಒಪ್ಪಿಸುತ್ತದೆ. ಷ ಕೆಳಗೆ ಟ, ಅದರ ಕೆಳಗೆ ರ ಅಚ್ಚುಕಟ್ಟಾಗಿ ಕೂತವು. ಕೋಡಿಯೂ 20ನೇ ಆವೃತ್ತಿಯಿಂದ ಎಲ್ಲ ಅಕ್ಷರ ಸಬ್‌ಟೈಟಲ್‌ಗಳಿಗೂ ಲಿಬ್‌ಆ್ಯಸ್ಸನ್ನೇ ಬಳಸುತ್ತಿದೆ. ಹಾಗಾಗಿ ಹಳೆಯ ಕೋಡಿ ಇಟ್ಟುಕೊಂಡವರು ಅಪ್‌ಡೇಟ್ ಮಾಡಿಕೊಳ್ಳಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಫೈಲನ್ನು ಕೋಡಿಯ ಮೀಡಿಯಾ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿದೆ.

ಪೋಸ್ಟರ್, ರಿಮೋಟ್, ಬ್ಯಾಕಪ್

ಕೋಡಿ ಪೋಸ್ಟರ್ ಮತ್ತು ವಿವರಗಳನ್ನು ಇಂಟರ್ನೆಟ್‌ನಿಂದ ತಾನೇ ತರುತ್ತದೆ, ಆದರೆ ಫೋಲ್ಡರ್ ಹೆಸರಿನಲ್ಲಿ ಸಿನಿಮಾದ ವರ್ಷ ಇರಲೇಬೇಕು. ಕನ್ನಡ ಸಿನಿಮಾಗಳಿಗೆ ಇದು ಇನ್ನೂ ಮುಖ್ಯ. ನಾಗರಹಾವು ಅನ್ನುವ ಹೆಸರಿನಲ್ಲೇ 1972, 2002, 2016ರಲ್ಲಿ ಬೇರೆ ಬೇರೆ ಸಿನಿಮಾಗಳು ಬಂದಿವೆ. ವರ್ಷ ಇಲ್ಲದಿದ್ದರೆ ಯಾವುದರ ಪೋಸ್ಟರ್ ಬರುತ್ತದೋ ಹೇಳಲಾಗದು. ಇಂಗ್ಲಿಷ್ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಥರ. ಎಷ್ಟು ಮಾಡಿದರೂ ಸಿಗದ ಸಿನಿಮಾಕ್ಕೆ ದಿ ಮೂವಿ ಡೇಟಾಬೇಸ್ ವೆಬ್‌ಸೈಟ್‌ನಲ್ಲಿರುವ ಅದರ ವಿಳಾಸವನ್ನು ಒಂದು ಎನ್‌ಎಫ್‌ಒ ಫೈಲ್‌ನಲ್ಲಿ (ಮಾಮೂಲಿ ಟೆಕ್ಸ್ಟ್ ಫೈಲೇ) ಅಂಟಿಸಿ, ಸಿನಿಮಾ ಪಕ್ಕದಲ್ಲೇ ಇಟ್ಟರೆ ಕೋಡಿ ನೇರ ಅಲ್ಲಿಗೇ ಹೋಗುತ್ತದೆ. ಮನೆಯ ವಿಡಿಯೋಗಳ ಫೋಲ್ಡರ್‌ಗೆ ಮಾತ್ರ ಈ ಹುಡುಕಾಟ ಬೇಡ ಅಂತ ಹೇಳಿಟ್ಟೆ. ಇಲ್ಲದಿದ್ದರೆ ಉಪನಯನಕ್ಕೂ ಯಾವುದೋ ಸಿನಿಮಾ ಪೋಸ್ಟರ್ ಹುಡುಕಿ ತರುತ್ತದೆ.

ಟಿವಿ ರಿಮೋಟ್‌ನಿಂದಲೇ ಕೋಡಿ ನಡೆಸಬೇಕಾದರೆ ಎಚ್‌ಡಿಎಂಐ ಸಿಇಸಿ (ರಿಮೋಟ್ ಒತ್ತಿದ್ದನ್ನು ಎಚ್‌ಡಿಎಂಐ ವೈರ್‌ನಲ್ಲೇ ದಾಟಿಸುವ ಸೌಲಭ್ಯ) ಬೇಕು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಅದು ಇದೆ, ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಇರುವುದಿಲ್ಲ. ಯುಎಸ್‌ಬಿ ರಿಸೀವರ್ ಇರುವ ಒಂದು ಚಿಕ್ಕ ರಿಮೋಟ್ ತಂದೆ. ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂದುಕೊಳ್ಳುತ್ತದೆ, ಹಾಗಾಗಿ ಬೇರೇನೂ ಹಾಕಬೇಕಾಗಿಲ್ಲ. ರಿಮೋಟ್ ಎಲ್ಲೋ ಸೇರಿಕೊಂಡಾಗ ಫೋನಿನಲ್ಲಿ ಕೋಡಿಯವರದೇ ಆದ ಕೋರ್ ಆ್ಯಪ್ ಇದೆ.

ವಿಡಿಯೋ ಡಿಸ್ಕನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಿಟ್ಟು ಲಿನಕ್ಸ್‌ನ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದೆ. ಎನ್‌ಟಿಎಫ್‌ಎಸ್ ಡಿಸ್ಕ್ ಓಡುತ್ತಿರುವಾಗ ಕರೆಂಟ್ ಹೋದರೆ, ಲಿನಕ್ಸ್ ಅದನ್ನು ಮತ್ತೆ ತೆರೆಯಲು ತಕರಾರು ಮಾಡಬಹುದು. ಲೈಬ್ರರಿ ಮಾಹಿತಿಯನ್ನು ಪ್ರತ್ಯೇಕ ಫೈಲ್‌ಗಳಾಗಿ ಎಕ್ಸ್‌ಪೋರ್ಟ್ ಮಾಡಿ ಸಿನಿಮಾಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಎಸ್‌ಎಸ್‌ಡಿ ಕೈಕೊಟ್ಟರೂ ಹೊಸದರಲ್ಲಿ ಲಿಬ್ರೆಎಲೆಕ್ ಹಾಕಿ ಡಿಸ್ಕ್ ತೋರಿಸಿದರೆ ಸಾಕು. ಮನೆಯ ವಿಡಿಯೋಗಳ ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ, ತಂಗಿಯ ಮನೆಯಲ್ಲಿದೆ.

ವಿಎಲ್‌ಸಿ, ಎಂಪಿವಿ ಎರಡೂ ನನ್ನ ಲ್ಯಾಪ್‌ಟಾಪ್‌ನಲ್ಲಿವೆ. ಹೊಸ ಫೈಲ್ ಬಂದರೆ ಮೊದಲು ಎಂಪಿವಿಯಲ್ಲಿ ಐ ಒತ್ತಿ ಎಷ್ಟು ಫ್ರೇಮಿನದು, ಇಂಟರ್‌ಲೇಸ್ ಹೌದೋ ಅಲ್ಲವೋ ನೋಡಿ, ಆಮೇಲೆ ಹಾಲ್‌ನ ಡಿಸ್ಕ್‌ಗೆ ಹಾಕುತ್ತೇನೆ. ಮುಂದಿನ ಕೆಲಸ ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್. ಓಡುವ ಸ್ಥಿತಿಯಲ್ಲಿರುವ ವಿಸಿಆರ್ ಮೈಸೂರಿನಲ್ಲಿ ಯಾರ ಹತ್ತಿರ ಇದೆ ಅಂತ ಹುಡುಕುತ್ತಿದ್ದೇನೆ.